ನಾಲ್ಕನೆಯ ಸೀಟಿನ ಕಲ್ಲಪ್ಪ

೨೦೨೩ರಲ್ಲಿ ನಾನು ಮೈಸೂರಿನ ಒಂದು ಖಾಸಗಿ ಬಸ್ ಕಂಪನಿಯಲ್ಲಿ ರಿವಾರ್ಡ್ ಪಾಯಿಂಟುಗಳ ಪರಿಶೀಲನಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಕೇಳಿ ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಲಷ್ಕರ್ ಮೊಹಲ್ಲಾದ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ, ಮೂರು ಮೇಜು, ಕಿರುಗುಡುವ ಒಂದು ಫ್ಯಾನು: ಇಷ್ಟೇ ನನ್ನ ನ್ಯಾಯಪೀಠ. ಪ್ರಯಾಣಿಕರ ಪಾಯಿಂಟು ಸಕ್ರಮವೋ ಅಕ್ರಮವೋ ಎಂದು ಅಲ್ಲಿ ನಾನು ಕೊಟ್ಟ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಮೇಲಿನವರಿಗೆ ಆ ವಿಷಯ ಅರ್ಥವಾಗುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ.

ಪಾಯಿಂಟು ಎಂದ ಕೂಡಲೇ ಜನ ಕ್ರೆಡಿಟ್ ಕಾರ್ಡ್ ಎಂದುಕೊಳ್ಳುತ್ತಾರೆ. ನಮ್ಮ ಬಹುಪಾಲು ಪ್ರಯಾಣಿಕರು ಆ ಕಾರ್ಡನ್ನು ಜಾಹೀರಾತಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಅಂಥವರಿಗಾಗಿಯೇ ಮಾಡಿದ ಯೋಜನೆ ನಮ್ಮದು. ಕೌಂಟರಿನಲ್ಲಿ ನಗದು ಕೊಟ್ಟು, ಟಿಕೆಟ್ ಪಡೆದು, ಮೊಬೈಲ್ ನಂಬರ್ ಹೇಳಿದರೆ ಹತ್ತು ರೂಪಾಯಿಗೆ ಒಂದು ಪಾಯಿಂಟು. ದಾರಿಯಲ್ಲಿ ಬಸ್ಸು ನಿಲ್ಲುವ ಹೋಟೆಲಿನಲ್ಲಿ ದೋಸೆ ತಿಂದು ಅದೇ ನಂಬರ್ ಹೇಳಿದರೆ ಇನ್ನೊಂದಿಷ್ಟು. ಒಂದೂವರೆ ವರ್ಷ ಖಾತೆಯಲ್ಲಿ ಚಲನೆ ಇಲ್ಲದಿದ್ದರೆ ಪಾಯಿಂಟು ಸಾಯುತ್ತದೆ. ಸಾಯುವ ಮೊದಲು ಆ ಹೋಟೆಲಿನಲ್ಲಿ ಒಂದು ಕಾಫಿ ಕುಡಿದರೆ ಮತ್ತೆ ಒಂದೂವರೆ ವರ್ಷ ಆಯಸ್ಸು. ಆ ಕಾಫಿ ಕುಡಿದ ಮೇಲೆ ಕುಡಿದವರ ಆಯಸ್ಸು ಏನಾಗುತ್ತದೆಂದು ನಾನು ಹೇಳಲಾರೆ. ಒಂದೇ ನಂಬರಿನ ಮೇಲೆ ಮನೆಯ ನಾಲ್ವರವರೆಗೆ ಕುಟುಂಬ ಖಾತೆ ತೆರೆಯಬಹುದು. ಕೂಡಿಟ್ಟ ಪಾಯಿಂಟು ಕೊಟ್ಟು ಸೀಟು ಪಡೆಯುವುದಕ್ಕೆ ರಿಡೀಮ್ ಮಾಡುವುದು ಎನ್ನುತ್ತಾರೆ.

ಎರಡು ನಿಯಮ ಮಾತ್ರ ಬಿಗಿ. ಟಿಕೆಟ್ ಕೊಂಡೂ ಬಸ್ಸು ಹತ್ತದವರಿಗೆ ಪಾಯಿಂಟಿಲ್ಲ. ಕಂಡಕ್ಟರು ತಲೆ ಎಣಿಸಿ, ಕೈಯಂತ್ರದಲ್ಲಿ 'ಹತ್ತಿದ್ದಾರೆ' ಎಂಬ ಗುಂಡಿ ಒತ್ತಿದರೆ ಮಾತ್ರ ಅದು ಜಮಾ ಆಗುತ್ತದೆ. ಇನ್ನೊಂದು, ಕುಟುಂಬ ಖಾತೆಯಿಂದ ದೊಡ್ಡ ಮೊತ್ತ ರಿಡೀಮ್ ಮಾಡುವಾಗ ಪ್ರತಿಯೊಬ್ಬ ಸದಸ್ಯರೂ ಫೋನಿನಲ್ಲಿ ತಮ್ಮ ಬಾಯಿಂದಲೇ ಒಪ್ಪಿಗೆ ಹೇಳಬೇಕು. ಕರೆ ರೆಕಾರ್ಡ್ ಆಗುತ್ತದೆ.

ಆ ವರ್ಷದ ದಸರಾ ಮುಗಿದು ಊರು ಉಸಿರು ಬಿಡುತ್ತಿದ್ದ ದಿನಗಳು. ಒಪ್ಪಿಗೆ ಕರೆ ಮಾಡುವ ಸರಸ್ವತಿಯವರು ಬಂದು ತಮ್ಮ ಹೆಡ್‌ಫೋನನ್ನು ನನ್ನ ಮೇಜಿನ ಮೇಲಿಟ್ಟರು. ಇಪ್ಪತ್ತು ವರ್ಷ ಪ್ರಯಾಣಿಕರ ಬೈಗುಳ ಕೇಳಿಯೂ ಬಣ್ಣಗೆಡದ ಹೆಂಗಸು.

"ಇದೊಂದು ಕೇಳ್ಬುಡಿ ಸಾರ್."

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್ ಆಗಿದ್ದ ಮಹದೇವಸ್ವಾಮಿ ಎಂಬುವರು ಸೊಲ್ಲಾಪುರಕ್ಕೆ ಹೋಗಿ ಬರಲು ನಾಲ್ಕು ಸೀಟು ರಿಡೀಮ್ ಮಾಡಲು ಕೋರಿದ್ದರು. ಖಾತೆಯಲ್ಲಿ ಅವರು, ಹೆಂಡತಿ ರತ್ನ, ತಾಯಿ ಪುಟ್ಟಮ್ಮ, ಮತ್ತು ಕಲ್ಲಪ್ಪ ಎಂಬುವರು. ರೆಕಾರ್ಡಿಂಗಿನಲ್ಲಿ ಮೊದಲ ಮೂವರು ಚೊಕ್ಕವಾಗಿ ಒಪ್ಪಿಗೆ ಕೊಟ್ಟಿದ್ದರು. ಆಮೇಲೆ ಸರಸ್ವತಿಯವರ ದನಿ: "ಕಲ್ಲಪ್ಪನವರಾ? ಪಾಯಿಂಟ್ ಬಳಸೋಕೆ ನಿಮ್ಮ ಒಪ್ಪಿಗೆ ಇದೆಯಾ?" ದೂರದಲ್ಲಿ ನಲ್ಲಿ ನೀರು ಬೀಳುವ ಸದ್ದು. ಕೊನೆಗೆ ಒಂದು "ಹೂಂ."

ಅದು ಗಂಡಸಿನ ದನಿಯಲ್ಲ, ಹೆಂಗಸಿನದೂ ಅಲ್ಲ. ಬಾವಿಯ ತಳದಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗಿತ್ತು. ನಾನು ನೌಕರಿಯುದ್ದಕ್ಕೂ ಮೇಲಧಿಕಾರಿಗಳ ನಾನಾ ತೆರನ ಹೂಂಗಳನ್ನು ಕೇಳಿ ಅರ್ಥ ಬಿಡಿಸಿದವನು. ಇದು ಅವುಗಳ ಪೈಕಿಯದಲ್ಲ.

"ಶೀತ ಆಗಿರಬೇಕು ಅವರಿಗೆ" ಎಂದೆ.

"ಶೀತ ನಿಮಗಾಗಿರ್ಬೇಕು ಕಣ್ರೀ. ಕೈ ಮೇಲಿನ ಕೂದಲು ನೋಡ್ಕೊಳಿ."

ಕಲ್ಲಪ್ಪನವರ ಹೆಸರಿನ ಮುಂದೆ ಗುರುತಿನ ಚೀಟಿಯಾಗಲಿ ಫೋಟೋ ಆಗಲಿ ಇರಲಿಲ್ಲ. ಅಂಥ ಸಂದರ್ಭದಲ್ಲಿ ಅಧಿಕಾರಿ ಖುದ್ದು ಹೋಗಿ ಸದಸ್ಯರನ್ನು ಕಾಣಬೇಕು. ಭಾನುವಾರ ಬೆಳಿಗ್ಗೆ ಮೇಟಗಳ್ಳಿಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ನಾನು ಬರುವುದು ಮೊದಲೇ ಗೊತ್ತಿದ್ದವರ ಮುಖ ಮಾಡಿಕೊಂಡು ಮಹದೇವಸ್ವಾಮಿ ಕುರ್ಚಿ ಹಾಕಿದರು. ತಾಯಿ ಪುಟ್ಟಮ್ಮ ಬಾಗಿಲ ಬೆಳಕಿನಲ್ಲಿ ಕೂತು, ತಲೆ ಓರೆ ಮಾಡಿ, ಎಡಗಣ್ಣಿನಿಂದ ನನ್ನನ್ನು ಅಳೆದರು.

"ಕಲ್ಲಪ್ಪನವರನ್ನ ನೋಡಬೇಕಾಗಿತ್ತು."

ಮಗ ನೆಲ ನೋಡಿದರು. ಸೊಸೆ ಗಂಡನನ್ನು ನೋಡಿದರು. ಪುಟ್ಟಮ್ಮ ಮಾತ್ರ, "ರತ್ನ, ಅವನ್ನ ಕರ್ಕೊಂಡ್ ಬಾ" ಎಂದರು.

ರತ್ನ ಗೋಡೆಯ ಗೂಡಿನಿಂದ ಎರಡೂ ಕೈಯಲ್ಲಿ ತಂದು ನನ್ನೆದುರಿನ ಚಾಪೆಯ ಮೇಲಿಟ್ಟದ್ದು ತೆಂಗಿನಕಾಯಿ ಗಾತ್ರದ ಒಂದು ಕರಿಯ ಹೊಳೆಗಲ್ಲು. ಹಣೆ ಎನ್ನಬಹುದಾದ ಜಾಗದಲ್ಲಿ ವಿಭೂತಿ.

ಮೂವರು ಒಟ್ಟಿಗೆ ಪ್ರಯಾಣ ಹೊರಡಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಹೊರಡಲೇಬೇಕಾದರೆ ಒಂದು ಅಡಿಕೆಯನ್ನೋ ಬೆಣಚುಕಲ್ಲನ್ನೋ ನಾಲ್ಕನೆಯವನೆಂದು ಜೇಬಿಗೆ ಹಾಕಿಕೊಂಡು ಮರೆತುಬಿಡುತ್ತಾರೆ. ಪುಟ್ಟಮ್ಮ ಮರೆಯುವ ಪೈಕಿ ಅಲ್ಲ. ಕಣ್ಣಿನ ಚಿಕಿತ್ಸೆಗೆಂದು ಮಗ ಸೊಸೆಯ ಜೊತೆ ನಾಲ್ಕು ವರ್ಷದಿಂದ ಕೊಯಮತ್ತೂರಿಗೆ ನಮ್ಮ ಹಗಲು ಬಸ್ಸಿನಲ್ಲಿ ಓಡಾಡುತ್ತಿದ್ದರು. ಪ್ರತಿ ಸಲವೂ ನಾಲ್ಕು ಟಿಕೆಟ್.

"ನಿಮ್ ಕೌಂಟರ್ನೋರು ಎಷ್ಟ್ ಜನ ಅಂದ್ರು, ನಾಕು ಅಂದೆ. ಎಸ್ರು ಕೇಳುದ್ರು, ಹೇಳ್ದೆ. ಸುಳ್ಳೇನ್ ಹೇಳ್ನಿಲ್ಲ ಕಣಪ್ಪ."

"ಅಮ್ಮಾ, ಕಲ್ಲಿಗೆ ಟಿಕೆಟ್ ಯಾಕೆ? ಚೀಲಕ್ಕೆ ಹಾಕ್ಕೊಂಡಿದ್ರೆ ಆಗ್ತಿರಲಿಲ್ವಾ?"

"ಜತೇಲಿ ಬಾ ಅಂತ ಕರ್ದು ಚೀಲಕ್ ತುಂಬ್ತಾರಾ? ನಿಮ್ಮನ್ನ ಅಂಗೆ ಕರ್ದಿದ್ರೆ ಬತ್ತಿದ್ರಾ?"

"ನಾನೂ ಎಷ್ಟೋ ಹೇಳ್ದೆ ಸಾರ್" ಎಂದರು ಮಹದೇವಸ್ವಾಮಿ. "ನನ್ ಸಂಬಳದಲ್ಲಿ ಕಲ್ಲಿಗೂ ಕಿಟಕಿ ಸೀಟು."

ಕಾಸು ಕೊಡದೆ ಕೂತವರಿಗೆ ದಂಡ ಹಾಕುವ ನಿಯಮ ನಮ್ಮಲ್ಲಿತ್ತು. ಕಾಸು ಕೊಟ್ಟು ಕೂರಲಾಗದವರ ವಿಷಯದಲ್ಲಿ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಫೋನಿನಲ್ಲಿ ಹೂಂ ಅಂದವರು ಯಾರು ಎಂದು ಕೇಳಿದೆ. ತಾನು ಒಪ್ಪಿಗೆ ಹೇಳಿದವನೇ ಡ್ಯೂಟಿಗೆ ಹೊರಟೆ ಎಂದರು ಮಗ. ನಾನು ಹೇಳಿ ನಲ್ಲಿ ಹತ್ತಿರ ಹೋದೆ ಎಂದರು ಸೊಸೆ.

"ನಂದಾಯ್ತು, ಫೋನ್ನ ಅವನ್ ಪಕ್ಕ ಮಡಗಿ ಬಾಗಿಲ್ಗೆ ಬಂದ್ಬುಟ್ಟೆ" ಎಂದರು ಪುಟ್ಟಮ್ಮ. "ಆಯಮ್ಮ ಕೇಳಿದ್ದು ಅವನ್ನ ತಾನೆ?"

ಕಲ್ಲನ್ನು ಕೈಗೆತ್ತಿಕೊಂಡೆ. ಬೆಚ್ಚಗಿತ್ತು. ಮುದುಕಿಯ ಮಡಿಲ ಬಿಸಿ ಎಂದು ಸಮಾಧಾನ ಹೇಳಿಕೊಂಡೆ. ಅದು ಬಂದದ್ದು ಮಡಿಲಿನಿಂದಲ್ಲ, ಗೋಡೆಯ ಗೂಡಿನಿಂದ ಎಂಬುದು ವಾಪಸು ಬರುವ ಬಸ್ಸಿನಲ್ಲಿ ನೆನಪಾಗಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ನನ್ನನ್ನು ಬೀದಿಯ ತನಕ ಬಿಡಲು ಬಂದ ರತ್ನ ಸೊಲ್ಲಾಪುರದ ಕಥೆ ಹೇಳಿದ್ದರು. ಅತ್ತೆಯ ಬಲಗಣ್ಣು ಹೋಗಿದೆ. ಎಡಗಣ್ಣಿಗೆ ಮುಂದಿನ ತಿಂಗಳು ಆಪರೇಷನ್. ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಅದಕ್ಕೆ ಮೊದಲು ಅಕ್ಕ ಕೆಂಪಮ್ಮನ ಮುಖ ನೋಡಬೇಕು. ಮಿಲ್ಲಿನ ಕೆಲಸಗಾರನನ್ನು ಮದುವೆಯಾಗಿ ಸೊಲ್ಲಾಪುರ ಸೇರಿದವಳನ್ನು ಮೂವತ್ತು ವರ್ಷದಿಂದ ಕಂಡಿಲ್ಲ. "ವಿಡಿಯೋ ಕಾಲ್ ಮಾಡ್ಕೊಡ್ತೀವಿ ಅಂದ್ರೆ, ಅಂಗೈಯಗಲದಲ್ಲಿ ಮೂಗ್ಯಾವ್ದು ಕಣ್ಯಾವ್ದು ಗೊತ್ತಾಯ್ತದಾ ಅಂತಾರೆ ಸಾರ್. ಕೈಲಿದ್ದಿದ್ದೆಲ್ಲ ಆಸ್ಪತ್ರೆಗಾಯ್ತು. ಈ ಪಾಯಿಂಟ್ ಒಂದೇ ಉಳ್ದಿರದು."

ಮರುದಿನ ಕೊಯಮತ್ತೂರು ಬಸ್ಸಿನ ಕಂಡಕ್ಟರ್ ಬಸವರಾಜುವನ್ನು ಕರೆಸಿದೆ. ಹತ್ತದವನ ಹೆಸರಿಗೆ 'ಹತ್ತಿದ್ದಾರೆ' ಒತ್ತಿದ್ದು ಹೇಗೆ?

"ಅವ್ರು ಮೂರೇ ಜನ ಅಂತ ನನಗೂ ಗೊತ್ತು ಸಾರ್. ಕಿಟಕಿ ಪಕ್ಕದ್ದು ಕಲ್ಲು. ಆದ್ರೆ ಹೊರಡೋ ಮುಂಚೆ ಹಿಂದಿನ ಸೀಟಿಂದ ತಲೆ ಎಣಿಸ್ಕೊಂಡ್ ಬಂದ್ರೆ ಲೆಕ್ಕ ಸರಿಹೋಗ್ತದೆ."

"ಕಲ್ಲನ್ನೂ ಎಣಿಸ್ತೀಯೇನಯ್ಯ?"

"ಇಲ್ಲ ಸಾರ್" ಎಂದು ಅವನು ಟೋಪಿ ತೆಗೆದ. "ಅದೇ ನನಗೂ ಅರ್ಥವಾಗ್ದೆ ಇರೋದು."

ನಕಲಿ ಸದಸ್ಯರ ಸಂಗತಿಯನ್ನು ಮಾತ್ರ ಮ್ಯಾನೇಜರಿಗೆ ತಿಳಿಸಲೇಬೇಕಿತ್ತು. ಅವರು ಬುದ್ಧಿವಂತರು, ಕಲ್ಲನ್ನು ನೋಡದೆಯೇ ತೀರ್ಮಾನಿಸಿದರು. ನಕಲಿ ಸದಸ್ಯ ಇದ್ದರೆ ಇಡೀ ಖಾತೆ ಫ್ರೀಜ್. ಎಲ್ಲರ ಪಾಯಿಂಟೂ ಮುಟ್ಟುಗೋಲು. ಅಂದರೆ ಸೊಲ್ಲಾಪುರವಿಲ್ಲ, ಅಕ್ಕನಿಲ್ಲ. ನಾನು ಆ ನಿಯಮಾವಳಿಯ ಕೊನೆಯ ಪುಟವನ್ನೂ ಓದಿದ್ದ ಏಕೈಕ ನೌಕರ. ಯಾವ ಸದಸ್ಯನಾದರೂ ಸ್ವಇಚ್ಛೆಯಿಂದ ಹೊರಹೋದರೆ ಅವನ ಪಾಲಿನ ಪಾಯಿಂಟು ಮಾತ್ರ ರದ್ದಾಗುತ್ತದೆ ಎಂದು ಅಲ್ಲಿತ್ತು. ಮಿಕ್ಕ ಮೂವರ ಪಾಲು ಮೂರು ಸೀಟಿಗೆ ಸಾಕು. ಆದರೆ ಹೊರಹೋಗುವುದಾಗಿ ಆ ಸದಸ್ಯನೇ ಫೋನಿನಲ್ಲಿ ಹೇಳಬೇಕು.

ಮತ್ತೆ ಮೇಟಗಳ್ಳಿ. ವಿಷಯ ಹೇಳಿದೆ. ಪುಟ್ಟಮ್ಮ ತಲೆಯಾಡಿಸಿದರು.

"ಬ್ಯಾಡ ಬುಡಿ. ಅವನ್ನ ತಗ್ದ್ರೆ ಮೂರಾಯ್ತೀವಿ. ನನ್ ಕಣ್ಣಿನಾಸೆಗೆ ಮಕ್ಕಳ ಮ್ಯಾಕೆ ಏನಾರ ಬಂದ್ರೆ? ಅಕ್ಕನ್ ಮುಖ ನೆಪ್ಪಲ್ಲೇ ಇರ್ಲಿ."

"ಅಮ್ಮ, ಅದೆಲ್ಲ ಏನೂ ಆಗಕಿಲ್ಲ" ಎಂದರು ಮಗ.

"ನಿಂಗೊತ್ತಾ? ನೀನೇನ್ ಡಾಕ್ಟ್ರಾ?"

ಇಲ್ಲಿ ನನ್ನ ಬಾಯಿಂದ ಹೊರಟ ಮಾತು ಯಾವ ನಿಯಮಾವಳಿಯಲ್ಲೂ ಇರಲಿಲ್ಲ. "ನನಗೆ ಸ್ಟಾಫ್ ಪಾಸ್ ಇದೆ. ನಾಲ್ಕನೆಯವನಾಗಿ ನಾನು ಬರ್ತೀನಿ."

ಪುಟ್ಟಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಲ್ಲಪ್ಪನ ಜಾಗಕ್ಕೆ ನಾನು ತಕ್ಕವನೇ ಎಂಬ ಅನುಮಾನ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. "ಅವನ್ನ ಒಂದ್ಮಾತು ಕೇಳಿ" ಎಂದರು.

ಸರಸ್ವತಿಯವರಿಗೆ ಫೋನು ಹಚ್ಚಿ, ಅದನ್ನು ಚಾಪೆಯ ಮೇಲೆ ಕಲ್ಲಿನ ಪಕ್ಕ ಇಟ್ಟೆ. ನಡು ಮಧ್ಯಾಹ್ನ, ಬಾಗಿಲು ತೆರೆದಿತ್ತು, ಬೀದಿಯಲ್ಲಿ ತರಕಾರಿ ಗಾಡಿ ನಿಂತಿತ್ತು. ಮೂವರನ್ನೂ ಎದುರು ಗೋಡೆಗೆ ಒರಗಿಸಿ, ಬಾಯಿ ಮುಚ್ಚಿಕೊಳ್ಳಲು ಹೇಳಿ, ಮೂರೂ ಬಾಯಿಗಳನ್ನು ಕಣ್ಣು ಮಿಟುಕಿಸದೆ ಕಾದೆ. ಫೋನಿನಿಂದ ಸರಸ್ವತಿಯವರ ಸಣ್ಣ ದನಿ: "ಕಲ್ಲಪ್ಪನವರೇ, ಸದಸ್ಯತ್ವ ಬಿಡೋಕೆ ನಿಮ್ಮ ಒಪ್ಪಿಗೆ ಇದೆಯಾ?"

ಯಾರ ತುಟಿಯೂ ಅಲುಗಲಿಲ್ಲ. ನನಗೆ ಏನೂ ಕೇಳಿಸಲಿಲ್ಲ. ತರಕಾರಿಯವನು ಕೂಗುವುದನ್ನು ನಿಲ್ಲಿಸಿದ್ದ ಎಂಬುದಷ್ಟೇ ಗಮನಕ್ಕೆ ಬಂತು.

ಸ್ವಲ್ಪ ಹೊತ್ತಿಗೆ ಫೋನು ಮಾತಾಡಿತು: "ಆಯ್ತು ಸಾರ್. ಒಪ್ಪಿಗೆ ಬಂತು. ದಯವಿಟ್ಟು ಇನ್ನೊಂದ್ ಸಲ ನನ್ ಕೈಲಿ ಕೇಳಿಸಬೇಡಿ."

ಪುಟ್ಟಮ್ಮ ಕಲ್ಲನ್ನು ಮಡಿಲಿಗೆಳೆದುಕೊಂಡರು. "ಇವನು ತೊಡೆ ಮ್ಯಾಕೆ ಕೂತ್ಕೊಂಡ್ ಬತ್ತಾನೆ. ಸೀಟು ನೀವೇ ಇಟ್ಕಳಿ."

'ನಾಲ್ಕನೆಯ ಸದಸ್ಯರು ಸ್ವಇಚ್ಛೆಯಿಂದ ಹೊರಹೋಗಿದ್ದಾರೆ, ದಾಖಲೆ ಲಗತ್ತಿಸಿದೆ' ಎಂದು ಮ್ಯಾನೇಜರಿಗೆ ವರದಿ ಬರೆದೆ. ಅವರು ಓದದೆ ಸಹಿ ಹಾಕಿದರು. ಮೂರು ಸೀಟು ರಿಡೀಮ್ ಆಯಿತು.

ಹೊರಡುವ ಮಧ್ಯಾಹ್ನ ಸೊಲ್ಲಾಪುರ ಬಸ್ಸಿನಲ್ಲಿದ್ದ ಕಂಡಕ್ಟರು ಹೊಸಬ. ಈ ಕುಟುಂಬದ ಪರಿಚಯ ಅವನಿಗಿರಲಿಲ್ಲ. ತಲೆ ಎಣಿಸುತ್ತಾ ಬಂದು ನಮ್ಮ ಸಾಲಿನ ಬಳಿ ನಿಂತ. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಸಾರ್, ಒಂದ್ ತಲೆ ಜಾಸ್ತಿ ಬರ್ತಾ ಇದೆ" ಎಂದ.

"ಮಡಿಲ ಮೇಲಿನದಕ್ಕೆ ಟಿಕೆಟ್ ಇಲ್ಲ ಕಣಯ್ಯ, ಹೊರಡು" ಎಂದೆ.

ಅವನು ಪುಟ್ಟಮ್ಮನ ಮಡಿಲು ನೋಡಿದ. ಅಲ್ಲಿ ಸೆರಗು ಮುಚ್ಚಿದ ಏನೋ ಇತ್ತು. "ಮಲ್ಗಿದ್ಯಾ ಮಗು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದ.

ಮರುದಿನ ಬೆಳಗಿನ ಎಳೆ ಬಿಸಿಲಿನಲ್ಲಿ ಸೊಲ್ಲಾಪುರದ ಮಿಲ್ಲಿನ ಹಳೆಯ ವಠಾರಕ್ಕೆ ಹೋದೆವು. ಕೆಂಪಮ್ಮ ಬಾಗಿಲಲ್ಲೇ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ಅಲ್ಲಿ ಒಬ್ಬರೇ ಇದ್ದಾರೆಂದು ಆಗಷ್ಟೇ ನಮಗೆ ತಿಳಿಯಿತು. ಅಪ್ಪಿಕೊಳ್ಳಲು ಬಂದ ಅಕ್ಕನ ಎರಡೂ ಭುಜ ಹಿಡಿದು ಪುಟ್ಟಮ್ಮ ಅಂಗಳದ ಬಿಸಿಲಿಗೆ ತಿರುಗಿಸಿದರು.

"ಏನೇ ಪುಟ್ಟಿ, ಸಂತೇಲಿ ಎಮ್ಮೆ ನೋಡ್ದಂಗೆ ನೋಡ್ತೀಯಾ!"

"ಸುಮ್ಕಿರು. ಅಳ್ಳಾಡಬ್ಯಾಡ. ನಿಂತ್ಕೋ."

ಹಣೆಯಿಂದ ಶುರುಮಾಡಿ ನಿಧಾನವಾಗಿ ನೋಡಿದರು. ಹುಬ್ಬು, ಮೂಗು, ಮೂಗಿನ ಪಕ್ಕದ ನರುಲಿ. ಗದ್ದ ಮುಗಿದ ಮೇಲೆ ಮತ್ತೆ ಹಣೆಗೆ ಬಂದರು. ನೋಡಿಸಿಕೊಳ್ಳುತ್ತಿದ್ದ ಕೆಂಪಮ್ಮನ ಗಲ್ಲದ ಮೇಲೆ ನೀರಿಳಿಯತೊಡಗಿತು. "ಅಳ್ಬ್ಯಾಡ ಕಣೇ, ಮುಖ ಕದಡೋಯ್ತದೆ" ಎಂದು ಗದರಿದರು ತಂಗಿ.

ಮುಂದಿನ ತಿಂಗಳ ಆಪರೇಷನ್ ಆದ ಮೇಲೆ ಆ ಎಡಗಣ್ಣಿನಲ್ಲಿ ಉಳಿದದ್ದು ಬೆಳಕು ಮತ್ತು ನೆರಳು ಮಾತ್ರ. ವಿಚಾರಿಸಲು ಹೋದ ನನಗೆ ಪುಟ್ಟಮ್ಮ, "ಮುಖ ಕಾಣಕಿಲ್ಲ ಸಾಮಿ. ಕಾಣ್ಬೇಕಾಗಿದ್ದುನ್ನ ನೋಡಾಯ್ತಲ್ಲ ಬುಡಿ" ಎಂದರು.

ಅದಕ್ಕೆ ಮೊದಲು, ಸೊಲ್ಲಾಪುರದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರು. ತಲೆ ಎಣಿಸಿ, ಸೀಟಿಗೂ ತಲೆಗೂ ಸರಿಹೋಯಿತೆಂದು ಖುಷಿಯಿಂದ ಗುಂಡಿ ಒತ್ತಿದ. ನಾನು ಪುಟ್ಟಮ್ಮನ ಮಡಿಲಿನತ್ತ ನೋಡಿದೆ. ಬರಿದಾಗಿತ್ತು.

"ಅಕ್ಕ ಒಬ್ಳೇ ಅವ್ಳಲ್ಲ" ಎಂದರು ಅವರು, ಕಿಟಕಿಯ ಕಡೆ ಮುಖ ಮಾಡಿ. "ಇರ್ತೀಯೇನಪ್ಪ ಅಂತ ಕೇಳ್ದೆ. ಹೂಂ ಅಂದ."

ಪಾಯಿಂಟು ಕೂಡಿಡುವವರು ಇಂದಿಗೂ ನನ್ನ ಸಲಹೆ ಕೇಳುತ್ತಾರೆ. ಕಾರ್ಡು ಬೇಡ, ನಂಬರ್ ಹೇಳುವುದನ್ನು ಮರೆಯಬೇಡಿ, ಖಾತೆ ಸಾಯಲು ಬಿಡಬೇಡಿ, ಹೊರಡುವುದನ್ನು ಮುಂದೂಡಬೇಡಿ ಎನ್ನುತ್ತೇನೆ. ನೌಕರಿ ನನಗೆ ಕಲಿಸಿದ್ದು ಮಾತ್ರ ಬೇರೆ. ಒಬ್ಬರು ಇದ್ದಾರೆಂದು ಸಾಬೀತು ಮಾಡಲು ನಮ್ಮ ಕಚೇರಿಯಲ್ಲಿ ಹತ್ತಾರು ದಾರಿಗಳಿದ್ದವು. ಇಲ್ಲವೆಂದು ಸಾಬೀತು ಮಾಡಲು ಒಂದೂ ಇರಲಿಲ್ಲ. ಆ ದಿನ ಬಸ್ಸು ಸೊಲ್ಲಾಪುರ ದಾಟುವಾಗ ನಾನು ಎರಡು ಸಲ ಹಿಂದಿರುಗಿ ನೋಡಿದೆ. ಲೆಕ್ಕ ಸರಿಹೋಯಿತೆಂದು ನನಗೆ ಬೇಸರವಾದದ್ದು ಇಡೀ ನೌಕರಿಯಲ್ಲಿ ಅದೊಂದೇ ಸಲ.