ಸೋತವರ ಹಾಡು ಮೊದಲು

ಅಮೆರಿಕದವರ ಫುಟ್‌ಬಾಲ್ ನನಗೆ ತಿಳಿಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಸರಿನಲ್ಲಿ ಕಾಲಿದೆ, ಆಟವೆಲ್ಲ ಕೈಯಲ್ಲಿ. ಚೆಂಡಾದರೂ ಗುಂಡಗಿದೆಯೇ ಎಂದರೆ, ಸುಲಿದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪು. ಆದರೂ ಶಾಲೆಗೆ ಹೊರಡುವ ಮುಂಚೆ ಅವಲಕ್ಕಿ ತಿನ್ನುತ್ತ, ಅಲ್ಲಿನ ಸೇನಾ ಕಾಲೇಜುಗಳ ಪಂದ್ಯದ ತುಣುಕುಗಳನ್ನು ಮೊಬೈಲಿನಲ್ಲಿ ನೋಡುವ ಚಟ ಹತ್ತಿದೆ.

ಭೂಸೇನೆಯ ಕಾಲೇಜಿಗೂ ನೌಕಾಸೇನೆಯ ಕಾಲೇಜಿಗೂ ತಲೆಮಾರುಗಳ ಹಟ. ವಾಯುಸೇನೆಯದನ್ನೂ ಸೇರಿಸಿ ಮೂರರ ನಡುವೆ ಒಂದು ಟ್ರೋಫಿ ಬೇರೆ. ಆಟದ ಹಂಗಾಮು ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ಪಂದ್ಯಗಳಿಗೆ ‘ಬೌಲ್’ ಎನ್ನುತ್ತಾರೆ. ಬಟ್ಟಲಲ್ಲಿ ಏನೋ ತಿನ್ನಲು ಕೊಡುತ್ತಾರೆ ಎಂದುಕೊಂಡಿದ್ದೆ; ಬಟ್ಟಲಿನ ಆಕಾರದ ಮೈದಾನದಿಂದ ಬಂದ ಹೆಸರಂತೆ. ಆ ಬಟ್ಟಲು ಸಿಗಲಿ ಬಿಡಲಿ, ಇವರಿಗೆ ಒಬ್ಬರನ್ನೊಬ್ಬರು ಸೋಲಿಸುವುದೇ ಹೋಳಿಗೆ ಊಟ.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಆಟ ಮುಗಿದ ಮೇಲಿನ ಐದು ನಿಮಿಷ. ಅಷ್ಟು ಹೊತ್ತು ಪರಸ್ಪರ ನೆಲಕ್ಕೆ ಕೆಡವಿದವರು ಒಟ್ಟಿಗೆ ಹೋಗಿ, ಸೋತ ಕಾಲೇಜಿನವರ ಮುಂದೆ ನೆಟ್ಟಗೆ ನಿಲ್ಲುತ್ತಾರೆ. ಅವರ ಕಾಲೇಜಿನ ಹಾಡು ಮುಗಿಯುವವರೆಗೆ ಯಾರೂ ಕದಲುವುದಿಲ್ಲ. ಗೆದ್ದವರ ಹಾಡು ಆಮೇಲೆ. ನಾಳೆ ಒಂದೇ ದೇಶಕ್ಕೆ ಕಾವಲು ನಿಲ್ಲುವವರು ಇವರು. ಎಂಥ ದೊಡ್ಡತನ ಎಂದು ನನ್ನ ಕಣ್ಣು ತುಂಬಿತು, ಬೆನ್ನಿಗೇ ನಾಚಿಕೆಯೂ ಆಯಿತು. ನಾಚಿಕೆಗೆ ಕಾರಣ ಸಂಗಣ್ಣ.

ಸಂಗಣ್ಣ ನನ್ನ ಜೊತೆ ಓದಿದವನು, ಈಗ ಕಮತಗಿಯ ಒಂದು ಶಾಲೆಯಲ್ಲಿ ಆಟದ ಮಾಸ್ತರ. ನಾನು ಇಳಕಲ್ಲಿನ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ನಮ್ಮಲ್ಲಿ ಆಟದ ಮಾಸ್ತರರಿಲ್ಲದ್ದರಿಂದ ಹೊಟ್ಟೆ ಹೊತ್ತುಕೊಂಡು ಖೋಖೋ ತಂಡದ ಹಿಂದೆಯೂ ಓಡುತ್ತೇನೆ. ಪ್ರತಿ ಜನವರಿಯಲ್ಲಿ ಹುನಗುಂದದಲ್ಲಿ ಎರಡೂ ಶಾಲೆಯ ಹುಡುಗಿಯರ ಪಂದ್ಯ. ಸಂಗಣ್ಣ ತನ್ನ ಶಾಲೆಗೆ ತಾನೇ ಒಂದು ಹಾಡು ಕಟ್ಟಿ, ‘ಕಮತಗಿ’ಗೆ ‘ಪ್ರಗತಿ’ ಎಂದು ಪ್ರಾಸ ಹಾಕಿದ್ದ. ಎರಡು ವರ್ಷದ ಹಿಂದೆ ನಾವು ಗೆದ್ದಾಗ ನಮ್ಮ ಹುಡುಗಿಯರು ಅದನ್ನು ‘ದುರ್ಗತಿ’ ಮಾಡಿ ಅವರೆದುರೇ ಹಾಡಿದರು. ತಡೆಯಬೇಕಾದ ಕನ್ನಡ ಮಾಸ್ತರ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಸಂಗಣ್ಣ “ನಮಸ್ಕಾರ್ರಿ ಮಾಸ್ತರ” ಎಂದು ಮುಂದೆ ಹೋಗುತ್ತಿದ್ದ, ಅಷ್ಟೇ. ಸಣ್ಣವರಿದ್ದಾಗಿನಿಂದ ‘ಲೇ’ ಎಂದವನ ಈ ಮರ್ಯಾದೆ ಬೈಗುಳಕ್ಕಿಂತ ಕಷ್ಟವಾಗಿತ್ತು.

ಈ ಜನವರಿ ನಮ್ಮ ಹುಡುಗಿಯರಿಗೆ ಆ ಅಮೆರಿಕದವರ ವಿಡಿಯೋ ತೋರಿಸಿ, ಕಮತಗಿಯವರ ಹಾಡನ್ನು ನಾನೇ ಕಲಿಸಿದೆ. ಗೆದ್ದ ಮೇಲೆ ಇದನ್ನು ಹಾಡಬೇಕು ಎಂದೆ.

“ಸೋತ್ರ ಏನ್ ಮಾಡೂದ್ರಿ ಸರ್?” ಎಂದಳು ಕ್ಯಾಪ್ಟನ್ ರೇಣುಕಾ.

“ಸೋತ್ರೂ ಹಾಡ್ರಿ” ಎಂದೆ. ನನಗೆ ಕಪ್ಪಿಗಿಂತ ಸಂಗಣ್ಣ ಬೇಕಾಗಿದ್ದ.

ಗೆದ್ದೆವು. ಹುಡುಗಿಯರು ಕಮತಗಿಯವರ ಮುಂದೆ ಸಾಲಾಗಿ ನಿಂತು ಹಾಡತೊಡಗಿದರು. ಇದೂ ಅಣಕವೇ ಇರಬೇಕೆಂದು ಆ ಕಡೆಯವರು ಮುಖ ಗಂಟಿಕ್ಕಿದರು. ಪ್ರಗತಿ ಪ್ರಗತಿಯಾಗಿಯೇ ಬಂದಾಗ ಗಂಟು ಸಡಿಲವಾಯಿತು. ಮೊದಲ ನುಡಿ ಮುಗಿಯಿತು. ನಮ್ಮವರು ಅಲ್ಲಿಗೇ ನಿಂತುಬಿಟ್ಟರು. ಅಣಕಿಸುವುದಕ್ಕೆ ಒಂದು ನುಡಿ ಸಾಕಾಗಿತ್ತಲ್ಲ, ಎರಡನೆಯದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಆಗ ಸಂಗಣ್ಣ ತಾನೇ ಎರಡನೆಯ ನುಡಿ ಎತ್ತಿಕೊಂಡ. ಶ್ರುತಿ ಎಲ್ಲೋ, ಅವನೆಲ್ಲೋ. ಅವನ ಹುಡುಗಿಯರು ದನಿಗೂಡಿಸಿದರು. ಆ ನುಡಿಯಲ್ಲಿ ಹೊಳೆ ಮಲಪ್ರಭೆ ಇದ್ದಳು, ಮನೆತನದಲ್ಲೇ ಮೊದಲ ಸಲ ಪಾಟಿ ಹಿಡಿದ ಹೆಣ್ಣುಮಕ್ಕಳಿದ್ದರು. ಖರೆ ಹೇಳುತ್ತೇನೆ, ಚೆನ್ನಾಗಿತ್ತು.

ಮುಗಿದ ಮೇಲೆ ಅವನು ನೇರ ನನ್ನ ಹತ್ತಿರ ಬಂದ. “ಲೇ, ನಿಮ್ಮ ಸಾಲಿ ಹಾಡು ಬರದು ಕೊಡು. ನಮ್ಮ ಹುಡುಗ್ಯಾರಿಗೆ ಕಲಸಬೇಕು. ಮುಂದಿನ ವರ್ಷ ಸೋಲೋರು ನೀವ.”

ನಮ್ಮ ಶಾಲೆಗೆ ಹಾಡೇ ಇಲ್ಲ. ಹಾಗೆನ್ನಲು ಬಾಯಿ ಬರಲಿಲ್ಲ, “ಕೊಡ್ತೇನಿ” ಎಂದೆ. ಮೂರು ವಾರದಿಂದ ಬರೆಯುತ್ತಿದ್ದೇನೆ. ಇಷ್ಟು ವರ್ಷ ಮಕ್ಕಳಿಗೆ ಪದ್ಯ ಪಾಠ ಮಾಡಿದವನಿಗೆ ಎರಡು ಸಾಲು ಕೂಡುತ್ತಿಲ್ಲ. ನಿನ್ನೆ ಸೋಲೊಪ್ಪಿ ಸಂಗಣ್ಣನಿಗೆ ಫೋನ್ ಮಾಡಿದೆ. ಬಹಳ ಹೊತ್ತು ನಕ್ಕ, ಆಮೇಲೆ “ಐತವಾರ ಮನಿಗೆ ಬಾ, ಕುಂತು ಕಟ್ಟೂಣು” ಎಂದ.