ಹಿಂದಿಯ ಕಥೆ ಹೇಳುತ್ತಿದ್ದ ಯಜಮಾನರು

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ನಿಗಡಿಯ ನಮ್ಮ ಓಣಿಯ ಹೆಂಗಸರಿಗೆ ಟಿವಿಯ ಹಿಂದಿ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದವರು ಪಕ್ಕದ ಮನೆಯ ಯಜಮಾನರು. ಧೋತರದ ಚುಂಗಿನಿಂದ ಕನ್ನಡಕ ಒರೆಸುತ್ತ, "ನಾ ಹೇಳ್ತೇನಿ, ಕೇಳ್ರಿ" ಅನ್ನುವರು.

ಅವರ ಅಡುಗೆಮನೆ ಸುಟ್ಟುಹೋದಾಗಲೂ ಅವರು ಹೇಳಿದ್ದನ್ನೇ ಕೇಳಿದೆವು: ಸೊಸೆ ಒಲೆ ಆರಿಸಲು ಮರೆತಳಂತೆ. ಆ ತಪ್ಪಿಗೆ ಯಜಮಾನರು ಅವಳನ್ನು ತವರಿಗೆ ಕಳಿಸುವವರಿದ್ದರು; ಒಯ್ಯಲು ಅವಳಪ್ಪ ಬರುವವನಿದ್ದ.

ಅವನು ಬರುವ ಹಿಂದಿನ ದಿನ ಮಧ್ಯಾಹ್ನದ ಟಿವಿ ಕಥೆಯಲ್ಲಿ ಸಾವಿರ ವರ್ಷ ಮುಂದಿನ ಕಾಲದ ಜನರಿದ್ದರು. ಹಿಂದೊಮ್ಮೆ ಕೋಟೆಯ ಬಾಗಿಲನ್ನು ವೈರಿಗೆ ತೆರೆದವಳು ಒಬ್ಬ ಹುಡುಗಿ ಎಂದು ಅವರ ಇತಿಹಾಸ. ನೆಲದಡಿ ಸಿಕ್ಕ ಹಳೆಯ ಯಂತ್ರವೊಂದು ತಾನು ಕಂಡದ್ದನ್ನು ಹಿಂದಿಯಲ್ಲಿ ಹೇಳಿತು.

"ಹುಡುಗೀನ ತೆಗದ್ಲಂತ," ಅಂದರು ಯಜಮಾನರು.

ನಾನು ಪುಣೆಯಲ್ಲಿ ಹಿಂದಿ, ಮರಾಠಿ ಮಾತಾಡಿಯೇ ಕಾಯಿಪಲ್ಲೆ ಮಾರಿದವಳು. "ಸುಳ್ಳ ರೀ. ರಾಜಾನ ತೆಗದಾ ಅಂತು."

"ಕಾಯಿಪಲ್ಲೆ ಹಿಂದಿ ಬ್ಯಾರೆ, ಟಿವಿ ಹಿಂದಿ ಬ್ಯಾರೆ, ಬಾಯಾರ."

"ನಿಮ್ಮ ಒಲಿ ಕತೀನೂ ಹಿಂಗ ಹೇಳೀರೇನು?"

ಕನ್ನಡಕ ಒರೆಸುವ ಕೈ ನಿಂತಿತು. ಬಾಗಿಲಲ್ಲಿದ್ದ ಸೊಸೆ ನನ್ನನ್ನೇ ನೋಡಿ, "ಅವತ್ತ ಚಹಾಕ್ಕ ಒಲಿ ಹಚ್ಚಿ ಹಂಗ ಬಿಟ್ಟವರು ಮಾವನವರು, ಆಯಿ," ಅಂದಳು.

ಯಜಮಾನರು ಟಿವಿಯ ಸದ್ದು ಏರಿಸಿದರು.

ಮರುದಿನ ಬೆಳಿಗ್ಗೆ ಅವಳಪ್ಪ ರಿಕ್ಷಾದಿಂದ ಇಳಿದೊಡನೆ, ಯಜಮಾನರು ಹೊರಗೆ ಬರುವ ಮೊದಲೇ, ಒಲೆ ಹಚ್ಚಿದವರು ಯಾರೆಂದು ನಾನು ಅವನಿಗೆ ಹೇಳಿದೆ.