ನಿನ್ನ ಹೆಸರಿನಲ್ಲಿ ನಾನು ಬರೆದ ದಾರಿ

ನಸ್ರೀನ್, ಆ ಬಿಲ್ಡ್‌ನ ದಾರಿ ತಪ್ಪಿಸಿದ್ದು ನಾನು, ನೀನಲ್ಲ. ಇಷ್ಟು ವರ್ಷ ನೀನು ಹೊತ್ತ ತಪ್ಪು ನನ್ನದು — ಅದು ನನಗೆ ಅಂದೇ ಗೊತ್ತಿತ್ತು.

ಹುಮನಾಬಾದಿನ ಆ ಚಿಕ್ಕ ಆಫೀಸಿಗೆ ನೀನು ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಸ್ಪತ್ರೆಯೊಂದರ ರೋಗಿಗಳಿಗೆ ಪಾಳಿಯ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ನಮ್ಮದು. ಅದರ ಫೈಲುಗಳೆಲ್ಲ ತಾವಾಗಿಯೇ ಒಂದೇ ಕಟ್ಟಾಗಿ, ಅಂದರೆ ಕಂಟೇನರ್ ಇಮೇಜ್ ಆಗಿ, ಸರ್ವರ್‌ಗೆ ಹೋಗುವಂತೆ ಜೋಡಿಸಿದವಳು ನೀನೇ. ಸೋಮಾರಿತನಕ್ಕೆ ನಾನೂ ನಿನ್ನ ಲಾಗಿನ್ನನ್ನೇ ಬಳಸುತ್ತಿದ್ದೆ. ನಾನು ಏನು ಬದಲಾಯಿಸಿದರೂ ಅಲ್ಲಿ ಕಾಣುತ್ತಿದ್ದದ್ದು ನಿನ್ನ ಹೆಸರು.

ಒಂದು ಮಧ್ಯಾಹ್ನ ಬಿಲ್ಡ್, ಆ ಕಟ್ಟು ತಯಾರಾಗುವ ಕೆಲಸ, ನಿಂತಿತು — ಯಾವುದೋ ಫೈಲ್ ಸಿಗುತ್ತಿಲ್ಲ ಎಂದು. ನೀನು ಊಟಕ್ಕೆ ಕೂತಿದ್ದೆ. ಕೇಳಬಹುದಿತ್ತು. ನನಗೇನು ಬರುವುದಿಲ್ಲವೇ ಎಂಬ ಸೊಕ್ಕು! ಒಳಗಿನ ಫೋಲ್ಡರಿನಿಂದ ಶುರುವಾಗಬೇಕಿದ್ದ ಬಿಲ್ಡನ್ನು ಹೊರಗಿನ ಫೋಲ್ಡರಿನಿಂದ ಶುರುವಾಗುವಂತೆ ದಾರಿ ಬದಲಾಯಿಸಿದೆ. ಫೈಲ್ ಸಿಕ್ಕಿತು, ಎಲ್ಲ ಸರಿಯಿದೆ ಎಂಬ ಹಸಿರು ಗುರುತು ಬಂತು. ಆದರೆ ಹೊರಗಿನ ಫೋಲ್ಡರಿನಲ್ಲಿ ನಾನೇ ಪರೀಕ್ಷೆಗೆಂದು ಇಟ್ಟು ಮರೆತ ಹಳೆಯ ಸೆಟ್ಟಿಂಗ್ ಫೈಲ್ ಇತ್ತು, ಮೆಸೇಜ್ ಹೋಗದಂತೆ ಬಂದ್ ಮಾಡಿಟ್ಟದ್ದು. ಇಮೇಜ್ ಅದನ್ನೇ ಹೊತ್ತುಕೊಂಡು ಹೋಯಿತು.

ಮರುದಿನ ಯಾರಿಗೂ ಮೆಸೇಜ್ ಮುಟ್ಟಲಿಲ್ಲ. ಕೊಡಂಬಲ, ನಿರ್ಣಾದಂಥ ಹಳ್ಳಿಗಳಿಂದ ಬರುವ ರೋಗಿಗಳ ಪಾಳಿ ತಪ್ಪಿತು. ಆಸ್ಪತ್ರೆಯವರು ಕೆಲಸವನ್ನೇ ನಮ್ಮಿಂದ ಕಿತ್ತುಕೊಂಡರು. ನಮ್ಮ ಆಫೀಸಿನ ಸರ್, ಬದಲಾವಣೆ ಮಾಡಿದವರ ಹೆಸರು ನೋಡಿ ನಿನ್ನನ್ನು ಕರೆದರು. ನೀನು ಆ ಬದಲಾವಣೆಯನ್ನು ಓದಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದೆ:

"ನೀ ಏನರ ಮುಟ್ಟಿದ್ದೇನು?"

"ಇಲ್ಲವಾ."

ಒಂದೇ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವಷ್ಟೂ ನಾಚಿಕೆ ನನಗಿರಲಿಲ್ಲ. ನೀನು — ಅಯ್ಯೋ, ನೀನು ನನ್ನನ್ನು ನಂಬಿಬಿಟ್ಟೆ.

"ಹಂಗಾರ ನಾನೇ ಮಾಡಿರಬೇಕ್ರಿ ಸರ್. ನನಗ ನೆನಪಾಗವಲ್ದು..."

ಮಾಡದ ಕೆಲಸ ನೆನಪಾಗುವುದಾದರೂ ಹೇಗೆ? ಅಂದೇ ನಿನ್ನನ್ನು ಕೆಲಸದಿಂದ ತೆಗೆದರು. ಬಸ್ ಸ್ಟ್ಯಾಂಡಿನವರೆಗೆ ನಿನ್ನ ಜೊತೆ ಬಂದೆ. ಸಮಾಧಾನವನ್ನೂ ಹೇಳಿದೆ, ಥೂ ನನ್ನ ಬಾಯಿಗೆ!

ಮೊನ್ನೆ ಬಸವಕಲ್ಯಾಣಕ್ಕೆ ಬಂದಾಗ ನಿನ್ನ ಮನೆಗೂ ಬಂದೆ. ಯಾಕೆ ಮತ್ತೆ ಕೆಲಸ ಹುಡುಕಲಿಲ್ಲ ಎಂದು ಕೇಳಿದೆ — ಕೇಳುವ ಧೈರ್ಯ ನೋಡು ನನ್ನದು.

"ನನ್ನ ಕೈ ಮ್ಯಾಲ ನನಗೇ ಭರೋಸಾ ಇಲ್ಲವಾ ಈಗ," ಎಂದೆ ನೀನು. ಚಹಾದ ಕಪ್ಪು ಮುಂದಿಟ್ಟು ನಕ್ಕೆ. "ಅವತ್ತ ನೀ ಒಬ್ಬಾಕಿನೇ ನನಗ ಬೈಲಿಲ್ಲ ನೋಡು. ಅದನ್ನ ಹ್ಯಾಂಗ ಮರೀಲಿ?"

ಆಗಲಾದರೂ ಹೇಳಬೇಕಿತ್ತು... ನೀನು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಇವತ್ತು ಸರ್ ಎದುರು ಎಲ್ಲವನ್ನೂ ಹೇಳಿದ್ದೇನೆ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನ ಒಂದು ಮಾತು ನಂಬಿ ನೀನು ಕೆಟ್ಟೆ; ಆದರೂ ಇದೊಂದನ್ನು ನಂಬು, ನಸ್ರೀನ್ — ನಿನ್ನ ಕೈ ತಪ್ಪಿರಲಿಲ್ಲ.